ಎರೆಹೊಲಕ್ಕೆ ಇಳಿದ ರೇಣುವಿನ ಗಾಡಿ

ಗಾಡಿಯಿಂದ ಏನಾದರೂ ಬಿಚ್ಚಿಸಲು ಬರುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬೈಲಹೊಂಗಲದ ಮುರಗೋಡ ರಸ್ತೆಯಲ್ಲಿ ಮೂವತ್ತೊಂದು ವರ್ಷದಿಂದ ಮೋಟರ್‌ಸೈಕಲ್ಲಿನ ಬಿಡಿಭಾಗ ಮಾರಿಕೊಂಡು ಬಂದವನು ನಾನು, ವೀರಪ್ಪ. ಜನ ಬರಬೇಕು, ಕನ್ನಡಿ ಹಾಕಿಸಬೇಕು, ಸೀಟಿಗೆ ಕವರ್ ಹಾಕಿಸಬೇಕು, ಹಾರ್ನ್ ಬದಲಿಸಿಕೊಂಡು ಊರಿಗೆಲ್ಲ ಕೇಳಿಸುತ್ತ ಹೋಗಬೇಕು. ಅಂಥ ನನ್ನ ಅಂಗಡಿಯ ಮುಂದೆ ಹೋದ ವರ್ಷದ ಹಸ್ತ ಮಳೆಯಲ್ಲಿ ರೇಣು ತನ್ನ ನೂರು ಸಿಸಿ ಗಾಡಿ ನಿಲ್ಲಿಸಿ, "ಕಾಕಾ, ಇದರ ಸೀರಿ ಗಾರ್ಡ್ ಬಿಚ್ಚಿ ಕೊಡ್ರಿ" ಅಂದಳು.

ಸೀರೆ ಗಾರ್ಡ್ ಅಂದರೆ ಹಿಂದೆ ಕೂತವರ ಸೆರಗು ಗಾಲಿಗೆ ಸಿಗದಂತೆ ಕಾಯುವ ಕಬ್ಬಿಣದ ಜಾಲರಿ. ನಾನು ಗದರಿದೆ. "ಹೆಣ್ಮಗಳ ಗಾಡಿಗೆ ಸೀರಿ ಗಾರ್ಡ್ ಇಲ್ಲಂದ್ರ ನೋಡಿದವರು ಏನಂದಾರು?"

"ನಾ ಸೀರಿ ಉಟ್ಟದ್ದ ಯಾವಾಗ ನೋಡೀರಿ ಕಾಕಾ?"

ಅದೂ ಖರೆ. ಅವಳದು ಪ್ಯಾಂಟು, ಮೊಳಕಾಲವರೆಗಿನ ರಬ್ಬರ್ ಬೂಟು. ಆದರೂ ನಾನು ಇನ್ನೊಂದಿಷ್ಟು ಬೈದೆ. ಎಮ್ಮೆಯ ಮೇಲೆ ಮಳೆ ಸುರಿದಂತಾಯಿತು. ಅವಳೇ ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಕೂತಳು.

ಅವಳು ಯಾಕೆ ಬಿಚ್ಚಿದಳು ಅಂತ ತಿಳಿಯಬೇಕಾದರೆ ಮೊದಲು ಅವಳ ಕೆಲಸ ತಿಳಿಯಬೇಕು. ರೇಣು ನನ್ನ ಗೆಳೆಯ ಗುರುನಾಥನ ಮಗಳು. ಅಪ್ಪ ತೀರಿಹೋದ, ಅವನ ಗಾಡಿ ಇವಳಿಗೆ ಉಳಿಯಿತು. ಮುರಗೋಡ, ಮುನವಳ್ಳಿ ಸುತ್ತಿನ ಹನ್ನೊಂದು ಹಳ್ಳಿಗಳಲ್ಲಿ ಆಕಳು ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುತ್ತಾಳೆ. ಬೀಜ ತುಂಬಿದ ಸಣ್ಣ ಕಡ್ಡಿಗಳು ಅಲ್ಯೂಮಿನಿಯಂ ಕ್ಯಾನಿನಲ್ಲಿ, ಹೊಗೆಯಾಡುವ ನೈಟ್ರೋಜನ್ನಿನಲ್ಲಿ ಮುಳುಗಿರುತ್ತವೆ. ನಾನು ಒಮ್ಮೆ ಮುಚ್ಚಳ ತೆಗೆಸಿ ಇಣುಕಿ ನೋಡಿದ್ದೇನೆ. ಕೈ ಹಾಕಿದರೆ ಬೆರಳು ಸುಟ್ಟುಹೋಗುವಷ್ಟು ಚಳಿಯಂತೆ. ಆ ಕ್ಯಾನು ಓರೆಯಾಗಬಾರದು, ಜೋರಾಗಿ ಕುಲುಕಬಾರದು. ಕುಲುಕಿದರೆ ನೈಟ್ರೋಜನ್ ಹಾರಿಹೋಗುತ್ತದೆ, ಕಡ್ಡಿ ಸಾಯುತ್ತವೆ. ಇನ್ನೊಂದು ಮಾತು ಅಂದರೆ ಹೊತ್ತು. ಎಮ್ಮೆ ಬೆದೆಗೆ ಬಂದು ಒದರತೊಡಗಿದ ಮೇಲೆ ಅರ್ಧ ದಿನದೊಳಗೆ ಹೋಗಿ ಮುಟ್ಟಬೇಕು. ಹೊತ್ತು ಮೀರಿದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು.

ಮುನವಳ್ಳಿಯ ಆಚೆ ಡಾಂಬರು ಮುಗಿದು ಮೂರು ಕಿಲೋಮೀಟರ್ ಒಳಗೆ, ಎರೆಹೊಲಗಳ ನಡುವೆ ಕಾಡವ್ವನ ಹೊಲದ ಮನೆ ಇದೆ. ಅರವತ್ತು ದಾಟಿದ ಹೆಣ್ಣುಮಗಳು, ಒಂದೇ ಒಂದು ಎಮ್ಮೆ. ಹಸ್ತಕ್ಕೂ ಮುಂಚೆ, ಹುಬ್ಬಿ ಮಳೆಯಲ್ಲಿ ಒಂದು ಸೋಮವಾರ ಬೆಳಿಗ್ಗೆ ಅವಳು ಫೋನ್ ಮಾಡಿದಾಗ ರೇಣು ಡಾಂಬರಿನ ಕೊನೆಯಲ್ಲಿ ಗಾಡಿ ನಿಲ್ಲಿಸಿ, ಕ್ಯಾನು ಹೊತ್ತು ನಡೆದಳು. ನಮ್ಮ ಕಪ್ಪು ಜಿಗುಟು ಎರೆಮಣ್ಣು ಹಸಿಯಾದಾಗ ನಡೆದವರಿಗೇ ಗೊತ್ತು. ಒಂದೊಂದು ಹೆಜ್ಜೆಗೂ ಬೂಟಿಗೆ ಎರಡೆರಡು ಸೇರು ಮಣ್ಣು. ಮುಟ್ಟುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು, ರಾತ್ರಿಯಿಂದಲೇ ಒದರುತ್ತಿದ್ದ ಎಮ್ಮೆಯ ಹೊತ್ತೂ ಮೀರಿತ್ತು. ಕಡ್ಡಿ ಹಾಕಿದಳು, ಎಮ್ಮೆ ಗಬ್ಬ ಆಗಲಿಲ್ಲ.

ಅದೇ ವಾರದಲ್ಲಿ ಕಿತ್ತೂರು ಕೋಟೆ ನೋಡಿಕೊಂಡು ಸವದತ್ತಿ, ರಾಮದುರ್ಗದ ಕಲ್ಲುಗುಡ್ಡಗಳ ಕಡೆ ಹೊರಟಿದ್ದ ಮೂವರು ಹುಡುಗರು ಕ್ಲಚ್ ಕೇಬಲ್ಲಿಗಾಗಿ ನನ್ನ ಅಂಗಡಿಗೆ ಬಂದರು. ಅವರ ಗಾಡಿಗಳು ನೋಡುವ ಹಾಗಿದ್ದವು. ಆನೆಯ ಹಲ್ಲಿನಂತೆ ಎದ್ದ ಗಟ್ಟಿ ಗಟ್ಟಿ ಟಾಯರು, ಗಾಲಿಯಿಂದ ಗೇಣು ಮೇಲಿದ್ದ ಮಡ್‌ಗಾರ್ಡು, ಹೊಟ್ಟೆಗೆ ಕಬ್ಬಿಣದ ತಗಡು. ರಸ್ತೆ ಬಿಟ್ಟು ಎಲ್ಲಿ ಬೇಕಾದರೂ ಹೋಗುತ್ತದಂತೆ. ರಸ್ತೆ ಇರುವಾಗ ಅದನ್ನು ಯಾಕೆ ಬಿಡಬೇಕು ಅಂತ ನಾನು ಯೋಚಿಸುತ್ತಿದ್ದರೆ, ಅವತ್ತು ಅಂಗಡಿಯಲ್ಲೇ ಇದ್ದ ರೇಣು ಅವರ ಗಾಡಿಯ ಕೆಳಗೆ ಮಲಗಿಬಿಟ್ಟಿದ್ದಳು. ಅದು ಯಾಕೆ ಇಷ್ಟು ಎತ್ತರ, ಇದು ಯಾಕೆ ಇಷ್ಟು ಅಗಲ, ನಿಂತು ಯಾಕೆ ಓಡಿಸುತ್ತೀರಿ. ಕೊನೆಯದಕ್ಕೆ ಒಬ್ಬ ಚೆನ್ನಾಗಿ ಹೇಳಿದ. ನಿಂತರೆ ಮೊಳಕಾಲು ಕುಲುಕನ್ನೆಲ್ಲ ತಿನ್ನುತ್ತದೆ, ಗಾಡಿ ಅದರ ಪಾಡಿಗೆ ಕುಣಿಯುತ್ತದೆ ಅಂದ. ಅವರು ಕೇಬಲ್ ಹಾಕಿಸಿಕೊಂಡು ಹೋದರು. ರೇಣು ಹೋಗಲಿಲ್ಲ.

"ಕಾಕಾ, ನನ್ನ ಗಾಡಿಗೂ ಅಂಥಾ ಟಾಯರ್ ಸಿಗತಾವೇನ್ರಿ?"

ಸಿಗುತ್ತವೆ. ನಮ್ಮ ಕಡೆ ಅದಕ್ಕೆ ಬಟನ್ ಟಾಯರ್ ಅನ್ನುತ್ತಾರೆ. ಹುಬ್ಬಳ್ಳಿಯಿಂದ ನಾನೇ ತರಿಸಿದೆ, ನಾನೇ ಹಾಕಿಸಿದೆ. ಸೇರಿಸುವ ಕೆಲಸವಲ್ಲವೇ, ಸಂತೋಷದಿಂದಲೇ ಮಾಡಿದೆ. "ಇನ್ನ ನೀ ಹೊಳಿಯಾಗೂ ಹೋಗಬಹುದವ್ವಾ" ಅಂತ ಬೆನ್ನು ತಟ್ಟಿ ಕಳಿಸಿದೆ.

ಎರಡನೆಯ ಫೋನ್ ಸರಿಯಾಗಿ ಇಪ್ಪತ್ತೊಂದು ದಿನಕ್ಕೆ ಬಂತು. ಇಪ್ಪತ್ತೊಂದು ಅಂದರೆ ಮೂರು ವಾರ, ಹಾಗಾಗಿ ಅದೂ ಸೋಮವಾರವೇ. ರೇಣು ಬಟನ್ ಟಾಯರಿನ ಗಾಡಿಯನ್ನು ನೇರವಾಗಿ ಎರೆದಾರಿಗೆ ಇಳಿಸಿದಳು. ಮೊದಲ ನೂರು ಮಾರು ರಾಜನಂತೆ ಹೋಯಿತಂತೆ. ಆಮೇಲೆ ಬಟನ್ನುಗಳ ನಡುವಿನ ಸಂದಿಯಲ್ಲೆಲ್ಲ ಮಣ್ಣು ತುಂಬಿ, ಟಾಯರು ಉಂಡೆಯಾಗಿ, ಉಂಡೆ ಮಡ್‌ಗಾರ್ಡಿಗೆ ಒತ್ತಿ, ಮುಂದಿನ ಗಾಲಿ ತಿರುಗುವುದನ್ನೇ ಬಿಟ್ಟಿತು. ಹಿಂದಿನ ಗಾಲಿಯ ಮಣ್ಣು ಸೀರೆ ಗಾರ್ಡಿಗೆ ಸಿಕ್ಕಿ ಗೋಡೆ ಕಟ್ಟಿದಂತಾಯಿತು. ಗಾಡಿ ಸ್ಟ್ಯಾಂಡ್ ಇಲ್ಲದೆಯೇ ನೆಟ್ಟಗೆ ನಿಂತಿತ್ತು ಅಂತ ಅವಳೇ ಆಮೇಲೆ ನಗುತ್ತ ಹೇಳಿದಳು. ಆ ಹೊತ್ತಿಗೆ ನಕ್ಕಿರಲಿಕ್ಕಿಲ್ಲ.

ಪಕ್ಕದ ಹೊಲದ ಲಗಮಣ್ಣಜ್ಜ ಬಂದ. ಎಪ್ಪತ್ತರ ಮುದುಕ, ಮನೆಯಲ್ಲಿ ಒಂದು ಜೋಡಿ ಒಳ್ಳೆಯ ಎತ್ತು. ರೇಣು ಕೈ ಮುಗಿದು ಕೇಳಿದಳು: "ಅಜ್ಜಾ, ಎತ್ತ ಹೂಡಿ ಒಂದೀಟ ಎಳಸ್ರಿ. ತಡಾ ಆಗಾಕತ್ತೈತಿ."

"ಇವತ್ತ ಸೋಮಾರ ಅಲ್ಲೇನ ಯವ್ವಾ" ಅಂದ ಅಜ್ಜ.

ಸೋಮವಾರ ಬಸವಣ್ಣನ ದಿನ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹಬ್ಬ ಇರಲಿ, ಬಿತ್ತನೆ ತಪ್ಪಿಹೋಗಲಿ, ಇಡುವುದಿಲ್ಲ. ಟ್ರ್ಯಾಕ್ಟರು ಆ ಕೆಸರಿಗೆ ಇಳಿದರೆ ಅದನ್ನು ಎಳೆಯಲು ಇನ್ನೊಂದು ಬೇಕು. ಅಜ್ಜ ತಾನೇ ಕೂತು, ಎತ್ತು ಹೊಡೆಯುವ ಕೋಲಿನ ತುದಿಯಿಂದ ಗಾಲಿಯ ಮಣ್ಣು ಕೆರೆಯತೊಡಗಿದ. ಆ ಕೋಲಿನ ತುದಿಗೆ ಒಂದು ಸಣ್ಣ ಕಬ್ಬಿಣದ ಪಟ್ಟಿ ಇರುತ್ತದೆ, ಹೊಲ ಹರಗುವ ಕುಂಟೆಗೆ ಅಂಟಿದ ಮಣ್ಣು ಕೆರೆಯುವುದಕ್ಕೆ. ಕೆರೆದು ಹತ್ತು ಮಾರು ದೂಡಬೇಕು, ಮತ್ತೆ ಕೆರೆಯಬೇಕು. ಮೂರು ತಾಸು ಹಿಡಿಯಿತು.

ಕಾಡವ್ವನ ಮನೆ ಮುಟ್ಟಿದಾಗ ಎಮ್ಮೆ ಒದರುವುದನ್ನು ನಿಲ್ಲಿಸಿ ಮೆಲುಕು ಹಾಕುತ್ತಿತ್ತು, ಕಡ್ಡಿ ಹಾಕುವ ಹೊತ್ತು ಮೀರಿಹೋಗಿತ್ತು.

"ಹೋಗ್ಲಿ ಬಿಡ ಡಾಕ್ಟ್ರವ್ವಾ," ಅಂದಳು ಕಾಡವ್ವ. "ನಿಂದೇನ ತಪ್ಪಿಲ್ಲ. ಸೋಮಾರ ಬೆದಿಗಿ ಬರೂ ಎಮ್ಮಿ ಎಲ್ಲಿ ಹಿಡದೀತು? ಇದು ಗೊಡ್ಡ. ಇನ್ನೊಂದ ಸಲ ನೋಡತೇನಿ. ಆಗಲಿಲ್ಲ, ಸಂತಿಗಿ ಹೊಡದಬಿಡತೇನಿ."

ಗೊಡ್ಡೆಮ್ಮೆಯನ್ನು ಸಂತೆಯಲ್ಲಿ ಕೊಳ್ಳುವವರು ಯಾರು, ಯಾತಕ್ಕೆ ಅನ್ನುವುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಮರುದಿನ ರೇಣು ನನ್ನ ಅಂಗಡಿಗೆ ಬಂದಳು, ಮೊದಲು ಹೇಳಿದ ಆ ಸೀರೆ ಗಾರ್ಡಿನ ದಿನ ಅದೇ. ಕಣ್ಣು ಕೆಂಪಾಗಿದ್ದವು. ಪಾನಾ ತಿರುಗಿಸುತ್ತ ತಲೆ ಎತ್ತದೆ ಹೇಳಿದಳು: "ತಡಾ ನಂದು ಕಾಕಾ. ಗೊಡ್ಡ ಅನ್ನೂ ಹೆಸರು ಅದಕ್ಕ."

ಆ ಮಾತು ನನಗೆ ಯಾಕೆ ತಗುಲಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ರೇಣುವನ್ನು ರಾಮದುರ್ಗಕ್ಕೆ ಕೊಟ್ಟಿದ್ದರು. ಐದು ವರ್ಷ ಮಕ್ಕಳಾಗಲಿಲ್ಲ. ಗಂಡನ ಮನೆಯವರು ಗೊಡ್ಡಿ ಅಂದರು, ಬಿಡುಗಡೆ ಬೇಕು ಅಂದರು. ಹಿರಿಯರು ಅಂತ ಈ ಕಡೆಯಿಂದ ಐದು ಜನ ಹೋದೆವು. ಎತ್ತು ಈದೈತಿ ಅಂದರೆ ಕರು ಕಟ್ಟು ಅನ್ನುವ ಜನ ನಾವು. ಅವರು ಹೇಳಿದ್ದನ್ನು ಕೇಳಿದೆವು, ಚಹಾ ಕುಡಿದೆವು, ಗೋಣು ಹಾಕಿದೆವು. ಸಂಜೆ ಅವಳ ಟ್ರಂಕು, ಭಾಂಡೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದೆವು. ಆ ಐದು ಜನರಲ್ಲಿ ಒಬ್ಬ ನಾನು. ಆ ಕುರಿತು ಅವಳು ನನಗೆ ಒಂದು ಮಾತೂ ಅಂದವಳಲ್ಲ.

ಈಗ ಅವಳ ಕೈಯಲ್ಲಿ ಇಪ್ಪತ್ತು ದಿನ ಇತ್ತು, ಮುಂದಿನ ಬೆದೆಯೂ ಸೋಮವಾರವೇ ಬೀಳುವುದಿತ್ತು. ಎತ್ತಿನ ಆಸೆ ಇಟ್ಟುಕೊಳ್ಳುವಂತಿಲ್ಲ. ಗಾಡಿಯೇ ಹೋಗಬೇಕು.

ಅವಳು ಲಗಮಣ್ಣಜ್ಜನನ್ನು ಗುರು ಮಾಡಿಕೊಂಡಳು. ಮೊದಲ ಪಾಠಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಅಜ್ಜ ಬಟನ್ ಟಾಯರನ್ನು ಕೋಲಿನಿಂದ ತಿವಿದು ಕೇಳಿದ: "ಇದನ್ನ ಯಾವ ಶಾಣ್ಯಾ ಹಾಕಿದ?" ರೇಣು ನನ್ನ ಕಡೆ ನೋಡಲಿಲ್ಲ, ಅದು ಅವಳ ದೊಡ್ಡ ಗುಣ.

"ಎರಿಮಣ್ಣ ಜೋಡಿ ಕುಸ್ತಿ ಹಿಡೀಬಾರ್ದು ಯವ್ವಾ," ಅಂದ ಅಜ್ಜ. "ಅದಕ್ಕ ಹಿಡಕೊಳ್ಳಾಕ ಜಾಗಾ ಕೊಡಬಾರ್ದು. ನಮ್ಮ ಕುಂಟಿ ನೋಡು, ಸವದು ಸವದು ಕನ್ನಡಿ ಆಗಿರತೈತಿ. ನುಣ್ಣಂದಕ್ಕ ಮಣ್ಣ ನಿಂದರೂದಿಲ್ಲ."

ಕಲ್ಲಿನ ಗುಡ್ಡಕ್ಕೆ ಏನು ಬೇಕೋ ಅದು ಎರೆಹೊಲಕ್ಕೆ ವೈರಿ ಅನ್ನುವುದು ನನಗೆ ಅವತ್ತೇ ತಿಳಿದದ್ದು. ಮೂವತ್ತೊಂದು ವರ್ಷ ಟಾಯರ್ ಮಾರಿದವನಿಗೆ. ಸಿಟ್ಟೂ ಬಂತು, ಒಳಗೊಳಗೆ ಹುಳ ಕೊರೆದಂತೆ ಕುತೂಹಲವೂ ಹತ್ತಿತು. ಅಂದಿನಿಂದ ಅಂಗಡಿಯನ್ನು ಮಧ್ಯಾಹ್ನವೇ ಹೆಂಡತಿಗೆ ಬಿಟ್ಟು ಅವಳ ಗಾಡಿಯ ಮುಂದೆ ಕೂಡತೊಡಗಿದೆ.

ಬಟನ್ ಟಾಯರು ಹೋಯಿತು. ಅದರ ಜಾಗಕ್ಕೆ ನನ್ನ ಗೋದಾಮಿನಲ್ಲಿದ್ದ ತೆಳ್ಳನೆಯ ಟಾಯರು ಬಂತು, ಉದ್ದುದ್ದ ಗೆರೆಯದು. ಸೀರೆ ಗಾರ್ಡು ಹೋಯಿತು. ಲೆಗ್ ಗಾರ್ಡು ಹೋಯಿತು. ಮುಂದಿನ ಮಡ್‌ಗಾರ್ಡನ್ನು ಪಕ್ಕದ ವೆಲ್ಡಿಂಗಿನವನಿಂದ ನಾಲ್ಕು ಬೆರಳು ಎತ್ತರಿಸಿದಳು. ಸಾಲಲಿಲ್ಲ, ಒಂದು ಗೇಣಿಗೆ ಏರಿಸಿದಳು. ಆಮೇಲೆ ಓಡಿಸಿದರೆ ಮಣ್ಣೆಲ್ಲ ಹಾರಿ ಅವಳ ಮುಖಕ್ಕೆ. ನಾನು ಕೆಟ್ಟಿತು ಅಂದೆ. ಅವಳು ಹಲ್ಲಿನ ಮೇಲಿನ ಮಣ್ಣು ಉಗುಳಿ ಹೇಳಿದಳು: "ಮುಖಕ್ಕ ಬಿತ್ತಂದ್ರ ಗಾಲಿಗಿ ಇಲ್ಲಂತ ಅರ್ಥ ಕಾಕಾ. ಛಲೋ ಆತು." ಹಿಂದಿನ ಚೈನಿನ ಚಕ್ರಕ್ಕೆ ನಾಲ್ಕು ಹಲ್ಲು ಹೆಚ್ಚಿನದು ಹಾಕಿದೆವು. ಗಾಡಿ ನಿಧಾನವಾಯಿತು, ಆದರೆ ಎತ್ತಿನಂತೆ ಎಳೆಯತೊಡಗಿತು.

ಕೆರೆಯುವ ಪಟ್ಟಿ ಅವಳದೇ ಯೋಚನೆ. ಅಜ್ಜನ ಕೋಲಿನ ತುದಿಯದನ್ನು ಗಾಡಿಗೇ ಕೂರಿಸಿದರೆ ಹೇಗೆ ಅಂತ. ಸವೆದ ಕುಂಟೆಯ ಕಬ್ಬಿಣದ ತುಂಡೊಂದನ್ನು ಹಿಂದಿನ ಗಾಲಿಯ ಹತ್ತಿರ ಅಡ್ಡ ಕೂರಿಸಿದಳು. ಮೊದಲ ದಿನ ತೀರ ಹತ್ತಿರ ಇಟ್ಟು ಟಾಯರನ್ನೇ ಕೊಯ್ದಳು. ಎರಡನೆಯ ದಿನ ದೂರ ಇಟ್ಟಳು, ಮಣ್ಣು ನಕ್ಕು ದಾಟಿಹೋಯಿತು. ಕೊನೆಗೆ ಒಂದು ಬೆರಳಿನ ಸಂದಿ ಸರಿಹೊಂದಿತು. ಅಜ್ಜನ ಹೊಲದ ಅಂಚಿಗೆ ಪಂಪಿನಿಂದ ನೀರು ಬಿಡಿಸಿ, ಅಲ್ಲೇ ಹೋಗಿ ಬಂದು, ಬಿದ್ದು ಎದ್ದು ಮಾಡಿದಳು. ನಿಂತು ಗಾಡಿ ಓಡಿಸುವುದನ್ನು ನೋಡಿ ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಜ್ಜ ಮಾತ್ರ, ಹೊಲ ಸಪಾಟು ಮಾಡುವ ಹಲಗೆಯ ಮೇಲೆ ತಾನು ಸಣ್ಣವನಿದ್ದಾಗ ಹೀಗೇ ನಿಲ್ಲುತ್ತಿದ್ದೆ ಅಂದ.

ಉಳಿದದ್ದು ಕ್ಯಾನು. ಅದನ್ನು ಸೀಟಿನ ಹಿಂದೆ ಬಿಗಿಯಾಗಿ ಕಟ್ಟಿದರೆ ಪ್ರತಿ ಕುಲುಕೂ ಅದಕ್ಕೆ. ಸಡಿಲ ಬಿಟ್ಟರೆ ಬೀಳುತ್ತದೆ. ಇದಕ್ಕೆ ದಾರಿ ತೋರಿಸಿದವನು ನಾನು, ಈ ಒಂದು ಜಂಬ ನನಗಿರಲಿ. ನಮ್ಮ ಅಡುಗೆಮನೆಯ ಜಂತಿಗೆ ನನ್ನ ತಾಯಿಯ ಕಾಲದ ನೆಲುವು ತೂಗುತ್ತದೆ. ಬೆಕ್ಕಿಗೆ ಎಟುಕದಂತೆ ಬೆಣ್ಣೆ ಗಡಿಗೆ ಇಡುವ ಹಗ್ಗದ ಜೋಳಿಗೆ ಅದು. ಎಷ್ಟು ತೂಗಿದರೂ ಗಡಿಗೆ ನೆಟ್ಟಗೇ ಇರುತ್ತದೆ. ಹಳೆಯ ಟ್ಯೂಬುಗಳನ್ನು ಉದ್ದಕ್ಕೆ ಕೊಯ್ದು ಅದೇ ರೀತಿ ಹೆಣೆದು, ಒಂದು ಕಬ್ಬಿಣದ ಚೌಕಟ್ಟಿಗೆ ಮೇಲೂ ಕೆಳಗೂ ಕಟ್ಟಿದೆವು. ಪರೀಕ್ಷೆಗೆ ಹಾಲಿನ ಕ್ಯಾನಿನಲ್ಲಿ ಕಂಠದವರೆಗೆ ನೀರು ತುಂಬಿ ಅವಳು ಅಜ್ಜನ ಹೊಲ ಸುತ್ತಿ ಬಂದಳು. ಮುಚ್ಚಳ ಇರಲಿಲ್ಲ. ಇಳಿಸಿ ನೋಡಿದರೆ ಎರಡು ಬೆರಳು ನೀರು ಕಮ್ಮಿಯಾಗಿತ್ತು, ಅಷ್ಟೇ. ನಾವು ಮೂವರೂ ಆ ಕ್ಯಾನಿನೊಳಗೆ ತಲೆ ಹಾಕಿ ಬಹಳ ಹೊತ್ತು ನೋಡಿದೆವು.

ಚಿತ್ತಿ ಮಳೆ ಶನಿವಾರ, ರವಿವಾರ ಬಿಡದೆ ಹೊಡೆಯಿತು. ಸೋಮವಾರ ನಸುಕಿನಲ್ಲಿ ರೇಣು ಫೋನ್ ಮಾಡಿದಳು: "ಕಾಕಾ, ಒದರಾಕತ್ತೈತಂತ."

ನನ್ನನ್ನು ಯಾರೂ ಕರೆದಿರಲಿಲ್ಲ. ಆದರೂ ನಾನು ಸ್ಕೂಟರ್ ತೆಗೆದು ಹೊರಟೆ. ಡಾಂಬರು ಮುಗಿಯುವಲ್ಲಿ ಅವಳು ಕ್ಯಾನಿನ ನೆಲುವನ್ನು ಜಗ್ಗಿ ನೋಡುತ್ತಿದ್ದಳು. ಗಾಡಿ ಚಾಲು ಮಾಡಿ, ಎದ್ದು ನಿಂತು, ಎರೆಗೆ ಇಳಿಸಿದಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ನಡೆದೆ.

ಅವಳು ಚಕ್ಕಡಿದಾರಿಯ ನಡುವೆ ಹೋಗಲಿಲ್ಲ. ಅಜ್ಜ ಕಲಿಸಿದಂತೆ ಕರಿಕೆ ಹುಲ್ಲು ಬೆಳೆದ ಒಡ್ಡಿನ ಅಂಚು ಹಿಡಿದಳು. ಹುಲ್ಲಿದ್ದಲ್ಲಿ ಮಣ್ಣು ಅಂಟುವುದು ಕಮ್ಮಿ. ಹುಲ್ಲು ಮುಗಿದಲ್ಲಿ ಎರೆಗೆ ಇಳಿಯಬೇಕಾಯಿತು. ಗಾಲಿ ಮಣ್ಣು ಎತ್ತಿತು, ಪಟ್ಟಿ ಕೆರೆಯಿತು, ಕಪ್ಪು ಹೋಳುಗಳು ಹಿಂದಕ್ಕೆ ಬೀಳುತ್ತ ಹೋದವು. ಹಳ್ಳದ ಹತ್ತಿರ ಹಿಂದಿನ ಗಾಲಿ ಜಾರಿ ಗಾಡಿ ಅಡ್ಡವಾಯಿತು. ಅವಳು ಒಂದು ಕಾಲು ಊರಿ, ಬೀಳಗೊಡದೆ ಎತ್ತಿ, ಮತ್ತೆ ನಿಂತಳು. ಅಜ್ಜ ತನ್ನ ಹೊಲದಲ್ಲಿ ಕೋಲು ಹಿಡಿದು ನಿಂತಿದ್ದ. ಕೆರೆಯಬೇಕಾದೀತು ಅಂತ ಬಂದಿದ್ದನಂತೆ. ಅವನ ಮುಂದೆಯೇ ಅವಳು ದಾಟಿಹೋದಳು.

ನಾನು ಏದುಸಿರು ಬಿಡುತ್ತ ಮುಟ್ಟಿದಾಗ ಅಲ್ಲಿ ಬೇರೆಯೇ ಜಗಳ ನಡೆದಿತ್ತು. ಕಾಡವ್ವ ಎಮ್ಮೆಯ ಮುಂದೆ ಅಡ್ಡ ನಿಂತಿದ್ದಳು.

"ಇವತ್ತ ಬ್ಯಾಡ ಡಾಕ್ಟ್ರವ್ವಾ. ಎರಡ ಸಲ ಸೋಮಾರನ ಬಂದು ಕೆಟ್ಟೈತಿ. ನಾಳಿ ಮಂಗಳಾರ ಹಾಕು."

"ನಾಳಿಗಿ ಹೊತ್ತ ಮೀರತೈತ್ರಿ ಆಯಿ."

"ಬಸವಣ್ಣನ ದಿನಾ ಅದ."

ರೇಣುವಿನ ಮುಖದ ಮೇಲೆ ಒಣಗಿದ ಮಣ್ಣು. ಕೈಚೀಲ ಬಿಚ್ಚುತ್ತಲೇ ಕೇಳಿದಳು: "ಸೋಮಾರ ಎತ್ತಿಗಿ ಸೂಟಿ ಕೊಟ್ಟೀರಿ, ಖರೆ. ಎಮ್ಮಿಗಿ ಯಾವಾಗ ಕೊಟ್ಟೀರಿ? ಹೈನ ಇದ್ದಾಗ ಸೋಮಾರ ಹಾಲ ಹಿಂಡಲಿಲ್ಲೇನ್ರಿ?"

ಎಮ್ಮೆ ಮತ್ತೊಮ್ಮೆ ಒದರಿತು. ಕಾಡವ್ವ ತಾನೇ ಸರಿದು ನಿಂತು ಬಾಲ ಹಿಡಿದಳು.

ಮತ್ತೆ ಇಪ್ಪತ್ತೊಂದು ದಿನ ಕಳೆದು ಬಂದ ನವೆಂಬರಿನ ಸೋಮವಾರ ಫೋನ್ ಬರಲಿಲ್ಲ. ನಾನು ಕುಣಿದಾಡುವುದಿತ್ತು, ರೇಣು ತಡೆದಳು. ಎಮ್ಮೆ ಕೆಲವೊಮ್ಮೆ ಸದ್ದಿಲ್ಲದೆ ಬೆದೆಗೆ ಬಂದು ಹೋಗುತ್ತದೆ, ಮೂರು ತಿಂಗಳಿಗೆ ಕೈ ಹಾಕಿ ನೋಡುವತನಕ ಏನೂ ಅನ್ನಬಾರದು ಅಂದಳು. ಆ ಮೂರು ತಿಂಗಳು ನಾನು ಅಂಗಡಿಗೆ ಬಂದವರಿಗೆಲ್ಲ ಎಮ್ಮೆಯ ಗರ್ಭದ ವಿಷಯ ಕೇಳಿ ತಲೆ ತಿಂದೆ.

ಸಂಕ್ರಾಂತಿ ಮುಗಿದ ಮೇಲೆ ಹೋದೆವು. ಎರೆ ಒಣಗಿ ಬಿರುಕು ಬಿಟ್ಟಿತ್ತು, ಎರಡೂ ಕಡೆ ಬಿಳಿಜೋಳ ಎದೆಯೆತ್ತರ ನಿಂತಿತ್ತು. ಸೀರೆ ಗಾರ್ಡ್ ಇದ್ದಿದ್ದರೂ ಅವತ್ತು ಯಾವ ಗಾಡಿಯೂ ಹೋಗುತ್ತಿತ್ತು. ರೇಣು ಭುಜದವರೆಗೆ ಕೈಗವಸು ಏರಿಸಿ, ಎಮ್ಮೆಯ ಹಿಂದೆ ನಿಂತು, ಕೈ ಒಳಗೆ ಹಾಕಿ ಕಣ್ಣು ಮುಚ್ಚಿದಳು. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು.

"ಗಬ್ಬ ಐತ್ರಿ ಆಯಿ. ಮೂರ ತಿಂಗಳ ತುಂಬಾಕ ಬಂದಾವು."

ಕಾಡವ್ವ ಒಳಗೆ ಹೋಗಿ ಹಬ್ಬದಲ್ಲಿ ಉಳಿದಿದ್ದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಂದಳು. ಎಮ್ಮೆಗೆ ತಿನ್ನಿಸುತ್ತ ಅದರ ಹಣೆ ಸವರಿ, "ಗೊಡ್ಡ ಅಂದಬಿಟ್ಟಿದ್ನಲ್ಲ ನಿನಗ, ತಪ್ಪಾತು ನಮ್ಮವ್ವ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ರೇಣು ನೀರಿನ ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆಯತೊಡಗಿದಳು. ಕೈ ಸ್ವಚ್ಛವಾದ ಮೇಲೂ ತೊಳೆಯುತ್ತಲೇ ಇದ್ದಳು. ನಾನು ಅವಳ ಹತ್ತಿರ ಹೋಗಿ ನಿಂತೆ.

"ಎಮ್ಮಿ ಪುಣ್ಯಾ ಮಾಡಿತ್ತು ಕಾಕಾ," ಅಂದಳು, ನೀರು ನೋಡುತ್ತ. "ಸಂತಿಗಿ ಹೊಡಿಯೂ ಮುಂಚೆ ಅದಕ್ಕ ಒಂದ ಪರೀಕ್ಷಾ ಆತು."

ರಾಮದುರ್ಗದ ಆ ಪಡಸಾಲೆ ನನ್ನ ಕಣ್ಣ ಮುಂದೆ ಬಂತು. ಹಾಸಿದ ಜಮಖಾನೆ, ಚಹಾದ ಬಸಿ, ಒಳಗಿನ ಬಾಗಿಲಲ್ಲಿ ನಿಂತಿದ್ದ ಇವಳ ಪಾದ. ನಾವು ಐದು ಜನ ಗಂಡಸರಲ್ಲಿ ಒಬ್ಬರೂ ಒಂದು ಮಾತು ಕೇಳಿರಲಿಲ್ಲ.

"ಅವತ್ತ ನಾ ಡಾಕ್ಟರ್ ಚೀಟಿ ಕೇಳಬೇಕಾಗಿತ್ತವ್ವಾ," ಅಂದೆ. "ಇಬ್ಬರದೂ."

ಅವಳು ಕೈ ಒರೆಸಿಕೊಂಡಳು. ಕ್ಯಾನನ್ನು ನೆಲುವಿನಲ್ಲಿಟ್ಟು, ನೆಟ್ಟಗಿದೆಯೇ ಅಂತ ಜಗ್ಗಿ ನೋಡಿದಳು.

"ಕೇಳಬೇಕಾಗಿತ್ರಿ ಕಾಕಾ" ಅಂದಳು, ಗಾಡಿ ಚಾಲು ಮಾಡಿದಳು.